ಒಂದೇ ಅಂಕಿ, ಎರಡು ಜಾಗ

ಹೈಸ್ಕೂಲು ಮಕ್ಕಳಿಗೆ ತಮ್ಮ ಊರಿನ ನಕ್ಷೆ ತಯಾರಿಸುವ ಪ್ರಾಜೆಕ್ಟ್ ಕೊಡುವುದುಂಟು. ಕೆರೆ, ಬಾವಿ, ಗುಡಿ, ಗೋಮಾಳ ಎಲ್ಲವನ್ನೂ ಗುರುತಿಸಬೇಕು. ಜಾಣ ಹುಡುಗಿಯೊಬ್ಬಳು ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋ ಹಾಳೆಯಿಂದ ಗುಡಿಯ ಅಕ್ಷಾಂಶ, ರೇಖಾಂಶಗಳನ್ನು ಎಚ್ಚರಿಕೆಯಿಂದ ಓದಿ, ಅಪ್ಪನ ಮೊಬೈಲಿನ ಭೂಪಟಕ್ಕೆ ಉಣಿಸಿದಳು ಎನ್ನಿ. ಗುರುತು ಗುಡಿಯ ಮೇಲೆ ಬೀಳದೆ, ಎರಡು ಹೊಲ ದಾಟಿ ಯಾರದೋ ಕಬ್ಬಿನ ಗದ್ದೆಯಲ್ಲಿ ಬಿತ್ತು. ‘ಸರಿಯಾಗಿ ಓದಿಲ್ಲ ನೀನು’ ಎಂದು ಗದರುವ ಮುನ್ನ ಅಪ್ಪ ತುಸು ತಾಳಬೇಕು. ಇಲ್ಲಿ ಹುಡುಗಿಯದೂ ತಪ್ಪಿಲ್ಲ, ಹಾಳೆಯದೂ ತಪ್ಪಿಲ್ಲ, ಮೊಬೈಲಿನದೂ ಇಲ್ಲ.

ಅಕ್ಷಾಂಶ, ರೇಖಾಂಶಗಳೆಂದರೆ ಭೂಮಿಯ ಮೈಮೇಲೆ ಗೀರಿಟ್ಟ ಗೆರೆಗಳೆಂಬ ಭಾವನೆ ಶಾಲೆಯಲ್ಲೇ ನಮ್ಮೊಳಗೆ ಬೇರೂರಿರುತ್ತದೆ. ಆದರೆ ಅವು ಇರುವುದು ಭೂಮಿಗೆ ಬದಲಾಗಿ ಗಣಿತಜ್ಞರು ಇಟ್ಟುಕೊಂಡ ನುಣುಪಾದ ಗೋಳವೊಂದರ ಮೇಲೆ. ನಿಜವಾದ ಭೂಮಿಯ ಉಬ್ಬುತಗ್ಗು ಲೆಕ್ಕಕ್ಕೆ ಒಗ್ಗುವುದಿಲ್ಲ. ಹಾಗಾಗಿ ಧ್ರುವಗಳಲ್ಲಿ ಕೊಂಚ ಚಪ್ಪಟೆಯಾದ, ಗಾತ್ರ ಇಷ್ಟೇ ಎಂದು ಗೊತ್ತುಮಾಡಿದ ಗೋಳವನ್ನು ಭೂಮಿಯೊಂದಿಗೆ ಹೊಂದಿಸಿ ಕೂರಿಸುತ್ತಾರೆ. ಗೋಳ ಬೇರೆಯಾದರೆ, ಇಲ್ಲವೇ ಕೂರಿಸಿದ ಬಗೆ ಬೇರೆಯಾದರೆ, ಅದೇ ಅಂಕಿ ಬೇರೆ ಜಾಗವನ್ನು ತೋರಿಸುತ್ತದೆ.

ನಮ್ಮ ಹಳೆಯ ಹಾಳೆಗಳ ಗೋಳಕ್ಕೆ ಎವರೆಸ್ಟ್ ಗೋಳವೆಂದು ಹೆಸರು. ಅದರ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ನೆಲದ ಮೇಲೆ ಸರಪಳಿ ಹಾಸಿ ಆಧಾರರೇಖೆಯೊಂದನ್ನು ಅಳೆದ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇನ್ನೊಂದು. ಅಲ್ಲಿಂದ ತ್ರಿಕೋನಗಳ ಮೇಲೆ ತ್ರಿಕೋನ ಕಟ್ಟುತ್ತ ಉತ್ತರಕ್ಕೆ ಸಾಗಿದ ಮಹಾ ಸರ್ವೇಕ್ಷಣೆಯ ಹೊಣೆ ಆತನ ನಂತರ ಜಾರ್ಜ್ ಎವರೆಸ್ಟ್ ಪಾಲಿಗೆ ಬಂತು. 1830ರಲ್ಲಿ ಎವರೆಸ್ಟ್ ಗೊತ್ತುಮಾಡಿದ ಗೋಳವನ್ನು ಮಧ್ಯಭಾರತದ ಕಲ್ಯಾಣಪುರ ಎಂಬಲ್ಲಿ ಭೂಮಿಗೆ ತಗುಲಿಸಿದರು. ಭಾರತಕ್ಕೆ ಹೇಳಿ ಹೊಲಿಸಿದ ಅಂಗಿ ಅದು. ಆ ಕಾಲದ ಉಪಕರಣಗಳನ್ನು ನೆನೆದರೆ ಆ ಹೊಲಿಗೆಗೆ ಕೈಮುಗಿಯಬೇಕು.

ಮೊಬೈಲು ಬಳಸುವ ಗೋಳ ಬೇರೆ. ಅದು 1984ರ ‘ಡಬ್ಲ್ಯುಜಿಎಸ್ 84’. ಅಮೆರಿಕದ ರಕ್ಷಣಾ ಇಲಾಖೆ ಸಿದ್ಧಪಡಿಸಿದ್ದು. ಉಪಗ್ರಹಗಳು ಸುತ್ತುವುದು ಭೂಮಿಯ ದ್ರವ್ಯರಾಶಿಯ ಕೇಂದ್ರವನ್ನಾದ್ದರಿಂದ ಈ ಗೋಳದ ಕೇಂದ್ರವೂ ಅಲ್ಲೇ. ಇದರ ಸಮಭಾಜಕ ತ್ರಿಜ್ಯ 6378.137 ಕಿಲೋಮೀಟರ್. ಎವರೆಸ್ಟ್ ಗೋಳದ್ದು ಇದಕ್ಕಿಂತ ಸುಮಾರು 860 ಮೀಟರ್ ಕಡಿಮೆ, ಕೇಂದ್ರವೂ ಪಕ್ಕಕ್ಕೆ ಸರಿದಿದೆ. ಇವೆಲ್ಲ ಕೂಡಿ ನಮ್ಮ ಕಡೆ ಗುರುತು ನೂರು ಮೀಟರಿಗೂ ಹೆಚ್ಚು ಜರುಗುತ್ತದೆ. 1:50,000 ಪ್ರಮಾಣದ ಹಾಳೆಯಲ್ಲಿ ಒಂದು ಮಿಲಿಮೀಟರ್ ಎಂದರೆ 50 ಮೀಟರ್. ಬರಿಗಣ್ಣಿಗೇ ಕಾಣುವ ವ್ಯತ್ಯಾಸ ಇದು. 2005ರ ರಾಷ್ಟ್ರೀಯ ನಕಾಶೆ ನೀತಿಯ ಬಳಿಕ ಸಾರ್ವಜನಿಕರಿಗಾಗಿ ಹೊರಬಂದ ಹಾಳೆಗಳು ಹೊಸ ಗೋಳವನ್ನೇ ಬಳಸುತ್ತವೆ. ಆದ್ದರಿಂದ ಹಾಳೆ ಕೈಗೆ ಬಂದೊಡನೆ ಅಂಚಿನ ಸಣ್ಣಕ್ಷರ ಓದಿ. ಎವರೆಸ್ಟ್ ಎಂದಿದ್ದರೆ ಅಂಕಿಗಳನ್ನು ಹೊಸದಕ್ಕೆ ಪರಿವರ್ತಿಸಿಕೊಂಡೇ ಮುಂದುವರಿಯಬೇಕು. ಅದಕ್ಕೆ ಕ್ಯೂಜಿಐಎಸ್‌ನಂಥ ಉಚಿತ ತಂತ್ರಾಂಶಗಳಿವೆ.

ಇಷ್ಟಕ್ಕೆ ಮುಗಿಯಲಿಲ್ಲ. ಗೋಳವನ್ನು ಚಪ್ಪಟೆ ಪರದೆಯ ಮೇಲೆ ಹರಡಬೇಕಲ್ಲ? ಕಿತ್ತಳೆ ಸಿಪ್ಪೆಯನ್ನು ಹರಿಯದೆ ಮೇಜಿನ ಮೇಲೆ ಹಾಸಿ ನೋಡಿ, ಕಷ್ಟ ತಿಳಿಯುತ್ತದೆ. 1569ರಲ್ಲಿ ಮರ್ಕೇಟರ್ ನಾವಿಕರಿಗಾಗಿ ಒಂದು ಉಪಾಯ ಹೂಡಿದ: ದಿಕ್ಕು ಕೆಡದಿರಲಿ, ಗಾತ್ರ ಕೆಟ್ಟರೆ ಕೆಡಲಿ. 2005ರಲ್ಲಿ ಬಂದ ಗೂಗಲ್ ಮ್ಯಾಪ್ಸ್ ಅದೇ ಉಪಾಯವನ್ನು ಇನ್ನಷ್ಟು ಸರಳಗೊಳಿಸಿ, ಅಕ್ಷಾಂಶ ಸುಮಾರು 85 ಡಿಗ್ರಿಗೆ ಕತ್ತರಿಸಿ, ಜಗತ್ತನ್ನು ಒಂದು ಚೌಕವನ್ನಾಗಿ ಮಾಡಿತು. ಚೌಕವನ್ನು ನಾಲ್ಕಾಗಿ, ಅದನ್ನು ಮತ್ತೆ ನಾಲ್ಕಾಗಿ ಸೀಳುತ್ತ ಹೋಗುವುದು ಕಂಪ್ಯೂಟರಿಗೆ ಬಲು ಸುಲಭ. ಆದರೆ ಸಮಭಾಜಕದಿಂದ ದೂರ ಹೋದಂತೆ ಎಲ್ಲವೂ ಹಿಗ್ಗುತ್ತದೆ. ಈ ಚೌಕದಲ್ಲಿ ಗ್ರೀನ್‌ಲ್ಯಾಂಡ್ ನಮ್ಮ ದೇಶವನ್ನು ಕುಬ್ಜವಾಗಿಸುತ್ತದೆ. ಅಸಲಿಗೆ ಅದು ಸುಮಾರು 22 ಲಕ್ಷ ಚದರ ಕಿಲೋಮೀಟರ್, ಭಾರತ ಸುಮಾರು 33 ಲಕ್ಷ.

ಗ್ರೀನ್‌ಲ್ಯಾಂಡ್ ನಮಗೇಕೆ ಎನ್ನುವವರು ಬೀದರಿಗೆ ಬನ್ನಿ. ಅಲ್ಲಿನ ಒಂದು ಎಕರೆ ಹೊಲವನ್ನು ಈ ಚಪ್ಪಟೆ ಚೌಕದ ಮೀಟರುಗಳಲ್ಲಿ ಗುಣಿಸಿದರೆ 40 ಗುಂಟೆಗೆ ಬದಲು ಸುಮಾರು 44 ಗುಂಟೆ ಬರುತ್ತದೆ! ಲೇಹ್‌ನಲ್ಲಾದರೆ ಒಂದೂವರೆ ಎಕರೆಯ ಹತ್ತಿರ. ಭೂಪಟದೊಳಗಿನ ಅಳತೆಪಟ್ಟಿ ಈ ಹಿಗ್ಗನ್ನು ಸಾಮಾನ್ಯವಾಗಿ ತಾನೇ ಸರಿಪಡಿಸಿಕೊಳ್ಳುತ್ತದೆ. ಎಡವುವುದು ಅಂಕಿಗಳನ್ನು ಹೊರತೆಗೆದು ನಾವೇ ಗುಣಿಸಿದಾಗ. ಇನ್ನು, ಬದುವಿನ ವ್ಯಾಜ್ಯಕ್ಕೆ ಮೊಬೈಲ್ ಹಿಡಿದು ನಿಲ್ಲುವ ಹಿರಿಯರಿಗೊಂದು ಮಾತು: ಅದರ ಜಿಪಿಎಸ್‌ನಲ್ಲಿ ಬಯಲಲ್ಲೂ ಕೆಲವು ಮೀಟರಿನ ಏರುಪೇರು ಇದ್ದದ್ದೇ. ಹದ್ದುಬಸ್ತಿಗೆ ಅರ್ಜಿ ಹಾಕುವುದೇ ವಾಸಿ.

ಈ ಗೊಂದಲ ತಪ್ಪಿಸಲೆಂದೇ ಪ್ರತಿ ಪದ್ಧತಿಗೂ ಒಂದು ಸಂಖ್ಯೆ ಕೊಟ್ಟಿದ್ದಾರೆ. ಪಟ್ಟಿಯನ್ನು ಶುರುಮಾಡಿದ್ದು ಯುರೋಪಿನ ತೈಲ ಸರ್ವೇಕ್ಷಕರ ಗುಂಪು, ಇಪಿಎಸ್‌ಜಿ. ಡಬ್ಲ್ಯುಜಿಎಸ್ 84ರ ಅಕ್ಷಾಂಶ-ರೇಖಾಂಶಕ್ಕೆ 4326, ಚಪ್ಪಟೆ ಚೌಕಕ್ಕೆ 3857. ಚೌಕಕ್ಕೆ ಅಧಿಕೃತ ಸಂಖ್ಯೆ ಸಿಗುವ ಮೊದಲು ತಂತ್ರಾಂಶದ ಹುಡುಗರು 900913 ಎಂದು ಕರೆದುಕೊಂಡಿದ್ದರು. ಅದನ್ನು ಇಂಗ್ಲಿಷ್ ಅಕ್ಷರಗಳೆಂದು ಓದಿದರೆ ‘ಗೂಗಲ್’ ಆಗುತ್ತದೆ!

ಕೊನೆಯದಾಗಿ ಒಂದು ಬಹು ಸಾಮಾನ್ಯ ಎಡವಟ್ಟು. ಬೆಂಗಳೂರು 12.97 ಉತ್ತರ, 77.59 ಪೂರ್ವ. ಕೆಲವು ತಂತ್ರಾಂಶಗಳು ಅಕ್ಷಾಂಶವನ್ನು ಮೊದಲು ಕೇಳುತ್ತವೆ, ಕೆಲವು ರೇಖಾಂಶವನ್ನು. ಅದಲುಬದಲಾದರೆ ಬೆಂಗಳೂರು ನಾರ್ವೆಯ ಉತ್ತರಕ್ಕೆ, ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಕೊರೆಯುವ ಕಡಲಿಗೆ ಬೀಳುತ್ತದೆ. ಈ ತಪ್ಪಾದರೋ ಕೂಡಲೇ ಕಣ್ಣಿಗೆ ಬೀಳುತ್ತದೆ. ನೂರು ಮೀಟರಿನ ತಪ್ಪು ಹಾಗಲ್ಲ. ಪ್ರಾಜೆಕ್ಟ್ ಪುಸ್ತಕದಲ್ಲಿ ಅಂಕಿಯ ಪಕ್ಕ ಯಾವ ಗೋಳ, ಯಾವ ಸಂಖ್ಯೆ ಎಂದು ಬರೆದಿಟ್ಟರೆ, ಕಬ್ಬಿನ ಗದ್ದೆಗೆ ಹೋದ ಗುಡಿಯನ್ನು ಮೇಷ್ಟ್ರೇ ವಾಪಸು ತರಬಲ್ಲರು.