ಗಣಿಯ ಗೆರೆ, ಡ್ರೋನ್‌ ಕಣ್ಣು

ಇಂಡೊನೇಷ್ಯಾದ ಪಶ್ಚಿಮ ಕಲಿಮಂತಾನ್‌ನಲ್ಲಿ, ಕಪುವಾಸ್ ನದಿಯ ಆಸುಪಾಸು, ಬಾಕ್ಸೈಟ್ ಗಣಿಗಳೂ ತಾಳೆ ತೋಟಗಳೂ ದಯಾಕ್ ಜನರ ನೆಲವನ್ನು ಒತ್ತುತ್ತ ಬಂದಾಗ ಹಳ್ಳಿಗರ ಬಳಿ ದೂರಿತ್ತು, ನಕ್ಷೆ ಇರಲಿಲ್ಲ. ನಕ್ಷೆಗಳೆಲ್ಲ ಕಂಪನಿ ಮತ್ತು ಸರ್ಕಾರದ ಕಪಾಟಿನಲ್ಲಿದ್ದವು. ಸಂಶೋಧಕ ಇರೇಂದ್ರ ರಾಜಾವಲಿ ಮತ್ತು ಸಂಗಡಿಗರು ಅಗ್ಗದ ಬಿಡಿಭಾಗ ಜೋಡಿಸಿ ಡ್ರೋನ್ ಹಾರಿಸಿದರು, ಹಳ್ಳಿಗರಿಗೂ ಕಲಿಸಿದರು. ಸಾಲಾಗಿ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸಿ, ಪರವಾನಗಿ ನಕ್ಷೆಯ ಜೊತೆ ಇಟ್ಟು ನೋಡಿದರೆ ಗಣಿ ಎಲ್ಲಿ ಗೆರೆ ದಾಟಿದೆ ಎಂಬುದು ತಿಳಿಯುತ್ತಿತ್ತು. ಕಚ್ಚಾ ಅದಿರು ರಫ್ತಿಗೆ 2014ರಲ್ಲಿ ಬಂದ ನಿಷೇಧವನ್ನು ಗಣಿ ಉದ್ಯಮ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯದಲ್ಲಿ ಪ್ರಶ್ನಿಸಿದಾಗ ಈ ಚಿತ್ರಗಳೂ ಸಾಕ್ಷ್ಯವಾದವು.

ಗೆರೆ ದಾಟಿದ ಗಣಿಯ ಕಥೆಯನ್ನು ಬಳ್ಳಾರಿಗೆ ಯಾರೂ ಹೇಳಿಕೊಡಬೇಕಿಲ್ಲ. 2011ರ ನಂತರ ಸುಪ್ರೀಂ ಕೋರ್ಟ್ ಉಸ್ತುವಾರಿಯಲ್ಲಿ ಜಂಟಿ ಸಮೀಕ್ಷೆ ನಡೆದು, ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಎಲ್ಲೆಯಾಚೆ ತೋಡಿದ ಗುಂಡಿ ಗುತ್ತಿಗೆ ವಿಸ್ತೀರ್ಣದ ಶೇ 10ನ್ನು ಮೀರಿದರೆ ಆ ಗಣಿ ಸಿ ವರ್ಗಕ್ಕೆ. 2013ರ ಏಪ್ರಿಲ್ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳೇ ರದ್ದಾದವು. ಅಳತೆಯೊಂದು ಇಷ್ಟು ದೊಡ್ಡ ಕುಳಗಳನ್ನು ಅಲುಗಿಸಿದ್ದು ನಮ್ಮಲ್ಲಿ ಅಪರೂಪ.

ಈಗ ಅಳೆಯುವ ಕೆಲಸ ಸಲೀಸಾಗಿದೆ, ಆದರೆ ಅಳೆಯುವವರು ಯಾರು? 2021ರಲ್ಲಿ ತಿದ್ದುಪಡಿಯಾದ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳ ಪ್ರಕಾರ, ವರ್ಷಕ್ಕೆ ಕನಿಷ್ಠ 10 ಲಕ್ಷ ಟನ್ ಅಗೆಯುವ ಅಥವಾ ಕನಿಷ್ಠ 50 ಹೆಕ್ಟೇರ್ ಗುತ್ತಿಗೆ ಇರುವ ಗಣಿಗಳು ಎಲ್ಲೆಯಾಚೆ 100 ಮೀಟರ್‌ವರೆಗೆ ಡ್ರೋನ್ ಸಮೀಕ್ಷೆ ಮಾಡಿಸಿ ಭಾರತೀಯ ಗಣಿ ಬ್ಯೂರೋಗೆ ವರ್ಷ ವರ್ಷ ಸಲ್ಲಿಸಬೇಕು. ಒಳ್ಳೆಯ ನಿಯಮವೇ. ಆದರೆ ಒತ್ತುವರಿಯ ಆರೋಪ ಹೊರಬೇಕಾದವರೇ ಚಿತ್ರ ತೆಗೆಸುತ್ತಾರೆ. ಊರೂರಲ್ಲಿ ಜಗಳಕ್ಕೆ ಕಾರಣವಾದ ಕಲ್ಲು ಕ್ವಾರಿ, ಮರಳು ಉಪಖನಿಜಗಳಾದ್ದರಿಂದ ಈ ನಿಯಮದ ವ್ಯಾಪ್ತಿಗೇ ಬರುವುದಿಲ್ಲ.

ಹಾಗಾದರೆ ಸಂಶೋಧಕರು, ಹೋರಾಟಗಾರರು ತಾವೇ ಹಾರಿಸಬಹುದಲ್ಲ? 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂ ಒಳಗಿನ ಡ್ರೋನ್‌ಗೆ ಪೈಲಟ್ ಪ್ರಮಾಣಪತ್ರ ಬೇಡ. ನಿರ್ಬಂಧವಿಲ್ಲದ ಹಸಿರು ವಲಯದಲ್ಲಿ 120 ಮೀಟರ್ ಎತ್ತರದವರೆಗೆ ಹಾರಿಸಲು ಪೂರ್ವಾನುಮತಿಯೂ ಬೇಡ. ಆದರೆ ಎಸ್‌ಪಿ ದರ್ಜೆಯ ಅಧಿಕಾರಿ ಮನಸ್ಸು ಮಾಡಿದರೆ ಒಂದು ಪ್ರದೇಶವನ್ನು 96 ಗಂಟೆಗಳವರೆಗೆ ಹಾರಾಟ ನಿಷಿದ್ಧವಾದ ತಾತ್ಕಾಲಿಕ ಕೆಂಪು ವಲಯವೆಂದು ಘೋಷಿಸಬಹುದು. ಅಮೆರಿಕದ ಸ್ಟ್ಯಾಂಡಿಂಗ್ ರಾಕ್‌ನಲ್ಲಿ 2016ರಲ್ಲಿ ತೈಲ ಕೊಳವೆ ವಿರೋಧಿ ಚಳವಳಿ ಕಾವೇರಿದ್ದಾಗಲೇ ಅಲ್ಲಿನ ವಿಮಾನಯಾನ ಆಡಳಿತ ಡ್ರೋನ್ ಹಾರಾಟಕ್ಕೆ ತಡೆ ಹಾಕಿತ್ತು. ಚಿತ್ರ ಹೆಚ್ಚು ಬೇಕಾದ ದಿನಗಳಲ್ಲೇ ಹೀಗಾಗುತ್ತದೆ.

ಅದಕ್ಕಿಂತ ನನ್ನನ್ನು ಕಾಡುವುದು ಬೇರೆ. ಕ್ಯಾಮೆರಾ ಗಣಿಯೊಂದನ್ನೇ ನೋಡುವುದಿಲ್ಲ. ಬಗರ್‌ಹುಕುಂ ಹೊಲ, ಕಾಡಂಚಿನ ದನದ ಕೊಟ್ಟಿಗೆ, ಪಹಣಿಯಲ್ಲಿಲ್ಲದ ಬಾವಿ, ಎಲ್ಲವೂ ಅದೇ ಚಿತ್ರದಲ್ಲಿ ಅಷ್ಟೇ ಸ್ಪಷ್ಟ. ಗಣಿ ಕಂಪನಿಯ ವಕೀಲರಿಗೂ ಅರಣ್ಯ ಇಲಾಖೆಗೂ ಅದು ಬೇಕಾದ ಸರಕು. ಅಜ್ಜನ ಕಾಲದಿಂದ ಉಳುತ್ತಿದ್ದೇವೆ ಎಂಬುದಕ್ಕೆ ಮಾತ್ರ ಅದರಲ್ಲಿ ಪುರಾವೆಯಿಲ್ಲ. ಅದಕ್ಕೆ ಊರಿನ ಹಿರಿಯರೊಂದಿಗೆ ಹೊಲ ಸುತ್ತಲೇಬೇಕು. ಆದ್ದರಿಂದ ಏನನ್ನು ತೆಗೆಯಬೇಕು, ಮೂಲ ಚಿತ್ರಗಳು ಯಾರ ಬಳಿ ಇರಬೇಕು ಎಂಬುದು ಬ್ಯಾಟರಿ ಹಾಕುವ ಮುಂಚೆಯೇ ಗ್ರಾಮಸಭೆಯಲ್ಲಿ ತೀರ್ಮಾನವಾಗಬೇಕು. ಸಂಶೋಧನಾ ಪ್ರಬಂಧ ಅಚ್ಚಾದ ಮೇಲೆ ಪ್ರತಿ ಕಳುಹಿಸಿದರೆ ಸಾಲದು.

ಗಣಿಗಳು ಸಮೀಕ್ಷೆ ಮಾಡಿಸಬೇಕಾದ, ಗುತ್ತಿಗೆಯಾಚೆಯ ಆ 100 ಮೀಟರ್‌ನಲ್ಲಿ ಇರುವುದು ಎಷ್ಟೋ ಕಡೆ ಬೇರೆಯವರ ಹೊಲ, ಗೋಮಾಳ, ಕಾಡು. ಬ್ಯೂರೋಗೆ ಹೋಗುವ ಚಿತ್ರದ ಒಂದು ಪ್ರತಿ ಆಯಾ ಗ್ರಾಮ ಪಂಚಾಯಿತಿಗೂ ಪ್ರತಿವರ್ಷ ತಲುಪಬೇಕು ಎಂದು ನಿಯಮದಲ್ಲಿ ಒಂದು ಸಾಲು ಸೇರಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ.