ತೆರೆಯಲಾಗದ ಗಡಿಯಾರ

ನಮ್ಮ ತಂದೆಯವರು ಬಳಸುತ್ತಿದ್ದ ಕೈಗಡಿಯಾರವೊಂದು ಇಂದಿಗೂ ನಮ್ಮ ಮನೆಯಲ್ಲಿದೆ. ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆಯಲ್ಲಿ ತಯಾರಾದುದು ಅದು. ಪ್ರತಿದಿನವೂ ಬೆಳಗ್ಗೆ ಸ್ನಾನವಾದೊಡನೆ ಅದಕ್ಕೆ ಕೀಲಿ ಕೊಡುವುದು ಅವರ ನಿಯಮವಾಗಿತ್ತು. ಎಂದಾದರೂ ಅದು ನಿಂತುಹೋದರೆ ಪೇಟೆಬೀದಿಯ ರಿಪೇರಿ ಅಂಗಡಿಗೆ ಕೊಂಡೊಯ್ಯುತ್ತಿದ್ದರು. ನಾನೂ ಜೊತೆಯಲ್ಲಿ ಹೋಗುತ್ತಿದ್ದುದುಂಟು. ಅಂಗಡಿಯ ಯಜಮಾನರು ಒಂದು ಕಣ್ಣಿಗೆ ಭೂತಗನ್ನಡಿಯನ್ನು ಸಿಕ್ಕಿಸಿಕೊಂಡು, ಹಿಂಬದಿಯ ಮುಚ್ಚಳವನ್ನು ತೆಗೆದು, ಚಿಮುಟದಿಂದ ಒಂದೊಂದೇ ಚಕ್ರವನ್ನು ಎತ್ತಿ ಶುಚಿಗೊಳಿಸಿ, ಸೂಜಿಮೊನೆಯಷ್ಟು ಎಣ್ಣೆಯನ್ನು ಮುಟ್ಟಿಸಿ ಮತ್ತೆ ಜೋಡಿಸುತ್ತಿದ್ದರು. ನಿಂತ ಯಂತ್ರ ಮರಳಿ ಟಿಕ್ ಟಿಕ್ ಎನ್ನತೊಡಗಿದಾಗ ನನಗಾಗುತ್ತಿದ್ದ ಆನಂದ ಅಷ್ಟಿಷ್ಟಲ್ಲ.

ಎಚ್.ಎಂ.ಟಿ. ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಡನೆ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆಯನ್ನು ಆರಂಭಿಸಿದುದು 1961ರಲ್ಲಿ. 1978ರಲ್ಲಿ ತುಮಕೂರಿನಲ್ಲಿಯೂ ಒಂದು ಕಾರ್ಖಾನೆ ತಲೆಯೆತ್ತಿತು. ಸಂಸ್ಥೆಯ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ನೀಡಿತು. ಕಾರ್ಖಾನೆ ಮುಚ್ಚಿದರೂ ಅಲ್ಲಿ ಹುಟ್ಟಿದ ಗಡಿಯಾರಗಳೆಲ್ಲ ಅದರೊಡನೆ ನಿಂತುಹೋಗಲಿಲ್ಲ. ನುರಿತ ಕೈಯೊಂದು ಅವುಗಳನ್ನು ತೆರೆಯಬಲ್ಲುದು, ಸವೆದ ಭಾಗವನ್ನು ತೆಗೆದು ಬೇರೊಂದನ್ನು ಇಡಬಲ್ಲುದು. ತಯಾರಿಸಿದವನಿಲ್ಲದಿದ್ದರೂ ತಯಾರಾದ ವಸ್ತು ಬಾಳುತ್ತಿರುವುದಕ್ಕೆ ಇದೇ ಕಾರಣ.

ಈಗ ಇನ್ನೊಂದು ಗಡಿಯಾರದ ಕಥೆಯನ್ನು ಹೇಳುತ್ತೇನೆ. ನನ್ನ ಅಣ್ಣನ ಮಗಳ ಬಳಿ ಒಂದು ಸ್ಮಾರ್ಟ್ ವಾಚ್ ಇದೆ. ವೇಳೆಯನ್ನು ತಿಳಿಸುವುದು ಅದರ ಹಲವು ಕೆಲಸಗಳಲ್ಲಿ ಒಂದು ಮಾತ್ರ. ಅದು ಹೃದಯದ ಬಡಿತವನ್ನು ಎಣಿಸುತ್ತದೆ, ನಡೆದ ಹೆಜ್ಜೆಗಳ ಲೆಕ್ಕವಿಡುತ್ತದೆ, ಫೋನಿಗೆ ಬಂದ ಕರೆಯನ್ನು ಮಣಿಕಟ್ಟಿನಲ್ಲಿಯೇ ಸೂಚಿಸುತ್ತದೆ. ಇಷ್ಟು ಚಿಕ್ಕ ವಸ್ತುವಿನಲ್ಲಿ ಇಷ್ಟೊಂದು ಸಾಮರ್ಥ್ಯವನ್ನು ಅಡಗಿಸಿದ ಬುದ್ಧಿಗೆ ತಲೆದೂಗಲೇಬೇಕು. ಆದರೆ ಮೂರನೆಯ ವರ್ಷಕ್ಕೆ ಕಾಲಿಡುವಷ್ಟರಲ್ಲಿ ಬೆಳಗ್ಗೆ ತುಂಬಿದ ಬ್ಯಾಟರಿ ಮಧ್ಯಾಹ್ನಕ್ಕೇ ಬರಿದಾಗತೊಡಗಿತು. ಅಂಗಡಿಗೆ ಒಯ್ದರೆ, “ಇದನ್ನು ತೆರೆಯಲು ಬರುವುದಿಲ್ಲ, ಹೊಸದನ್ನು ಕೊಳ್ಳಿರಿ” ಎಂಬ ಉತ್ತರ ಬಂದಿತು. “ಚಿಕ್ಕಪ್ಪ, ಬ್ಯಾಟರಿ ಒಂದನ್ನು ಬಿಟ್ಟರೆ ಉಳಿದುದೆಲ್ಲ ಚೆನ್ನಾಗಿಯೇ ಇದೆಯಲ್ಲ!” ಎಂದಳು ಹುಡುಗಿ. ಅವಳ ಮಾತು ನಿಜವಾಗಿತ್ತು. ದೀಪದ ಎಣ್ಣೆ ತೀರಿತೆಂದು ದೀಪವನ್ನೇ ಎಸೆಯಬೇಕೆ?

ಬ್ಯಾಟರಿ ಸೊರಗುವುದೇಕೆ ಎಂಬುದನ್ನು ಮೊದಲು ತಿಳಿಯೋಣ. ಈ ಗಡಿಯಾರಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. 1991ರಲ್ಲಿ ಮಾರುಕಟ್ಟೆಗೆ ಬಂದ ಈ ಬಗೆಯ ಬ್ಯಾಟರಿಯ ಅಭಿವೃದ್ಧಿಗಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಷಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರಕಿತು. ವಿದ್ಯುತ್ತನ್ನು ತುಂಬುವಾಗ ಲಿಥಿಯಂ ಅಯಾನುಗಳು ಒಂದು ಧ್ರುವದಿಂದ ಇನ್ನೊಂದಕ್ಕೆ ಸಾಗುತ್ತವೆ, ಬಳಸುವಾಗ ಹಿಂದಿರುಗುತ್ತವೆ. ಪ್ರತಿ ಸಲವೂ ಅವುಗಳಲ್ಲಿ ಅತ್ಯಲ್ಪ ಪಾಲು ಧ್ರುವದ ಮೇಲಿನ ಪೊರೆಯಲ್ಲಿ ಸಿಕ್ಕಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ. ಹೀಗೆ ದಿನೇ ದಿನೇ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ಇದು ತಯಾರಕರ ಮೋಸವಲ್ಲ, ಪ್ರಕೃತಿಯ ನಿಯಮ. ಗಡಿಯಾರದಲ್ಲಿ ಎಲ್ಲಕ್ಕಿಂತ ಮೊದಲು ಬ್ಯಾಟರಿಯೇ ಸೊರಗಬಹುದೆಂಬುದು ಅದನ್ನು ರೂಪಿಸುವವರಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದೂ ಅದನ್ನು ಅಂಟು ಹಾಕಿ ಒಳಗೆ ಭದ್ರಪಡಿಸುವುದು ಮಾತ್ರ ಪ್ರಕೃತಿಯ ನಿಯಮವಲ್ಲ. ಅದು ಮನುಷ್ಯರು ಮಾಡಿದ ತೀರ್ಮಾನ.

ಇಲ್ಲಿ ಒಂದು ಸರಳವಾದ ಲೆಕ್ಕವಿದೆ. ಸುಮಾರು 500 ಸಲ ಪೂರ್ತಿಯಾಗಿ ತುಂಬಿ ಬರಿದು ಮಾಡಿದ ಮೇಲೆ ಬ್ಯಾಟರಿಯೊಂದು ತನ್ನ ಮೂಲಶಕ್ತಿಯ ಶೇಕಡ 80ಕ್ಕೆ ಇಳಿಯುತ್ತದೆಂದು ಇಟ್ಟುಕೊಳ್ಳಿರಿ. ಪ್ರತಿದಿನವೂ ತುಂಬಬೇಕಾದ ಗಡಿಯಾರ ಒಂದೂವರೆ ವರ್ಷದೊಳಗೇ ಆ ಎಲ್ಲೆಯನ್ನು ಮುಟ್ಟುತ್ತದೆ. ವಾರಕ್ಕೊಮ್ಮೆ ತುಂಬಿದರೆ ಸಾಕೆನ್ನುವ ಗಡಿಯಾರಕ್ಕೆ ಅಷ್ಟು ಸುತ್ತುಗಳನ್ನು ಮುಗಿಸಲು ಒಂಬತ್ತು ವರ್ಷಗಳಿಗೂ ಮೀರಿದ ಕಾಲ ಬೇಕು. ಬಳಸದೆ ಇಟ್ಟರೂ ಬ್ಯಾಟರಿಗೆ ವಯಸ್ಸಾಗುವುದುಂಟು. ಆದುದರಿಂದ ಅದು ನಿಜವಾಗಿಯೂ ಒಂಬತ್ತು ವರ್ಷ ಬಾಳೀತೆಂದು ಹೇಳಲಾಗದು. ಆದರೂ ಒಂದು ಸಲ ತುಂಬಿದರೆ ಎಷ್ಟು ಹೊತ್ತು ನಡೆಯುತ್ತದೆ ಎಂಬ ಪ್ರಶ್ನೆಯೂ, ಗಡಿಯಾರ ಎಷ್ಟು ವರ್ಷ ಬಾಳುತ್ತದೆ ಎಂಬ ಪ್ರಶ್ನೆಯೂ ಒಂದೇ ಬೇರಿನಿಂದ ಹುಟ್ಟಿದವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

2015ರಲ್ಲಿ ಹೊರಬಂದ ಆಪಲ್ ಸಂಸ್ಥೆಯ ಮೊದಲ ಗಡಿಯಾರ ಒಂದು ಸಲ ತುಂಬಿದರೆ 18 ಗಂಟೆ ನಡೆಯುವುದೆಂದು ಅದರ ತಯಾರಕರೇ ಹೇಳಿದ್ದರು. ಅದಕ್ಕೆ ಮೂರು ವರ್ಷ ಮೊದಲು, 2012ರಲ್ಲಿ, ಅಮೆರಿಕದಲ್ಲಿ ಸಾರ್ವಜನಿಕರಿಂದ ಒಂದು ಕೋಟಿ ಡಾಲರಿಗೂ ಮಿಕ್ಕ ಮುಂಗಡ ಹಣವನ್ನು ಪಡೆದು ಪೆಬಲ್ ಎಂಬ ಗಡಿಯಾರ ರೂಪುಗೊಂಡಿತ್ತು. ಹೊರಗಿನ ಬೆಳಕಿನಲ್ಲಿಯೇ ಕಾಗದದಂತೆ ಓದಬಹುದಾದ ಅದರ ಮುಖಕ್ಕೆ ಹೆಚ್ಚಿನ ವಿದ್ಯುತ್ತು ಬೇಕಿರಲಿಲ್ಲ. ಅದು ಏಳು ದಿನಗಳವರೆಗೂ ನಡೆಯಬಲ್ಲುದಾಗಿತ್ತು. ಆದರೆ 2016ರ ಡಿಸೆಂಬರಿನಲ್ಲಿ ಆ ಕಂಪನಿ ಮುಚ್ಚಿತು. 2018ರ ಜೂನ್ ಅಂತ್ಯದಲ್ಲಿ ಗಡಿಯಾರಕ್ಕೆ ಅಗತ್ಯವಾಗಿದ್ದ ದೂರದ ಕಂಪ್ಯೂಟರುಗಳ ಸೇವೆಯೂ ನಿಂತಿತು. ಆಗ ಅದನ್ನು ಮೆಚ್ಚಿದ್ದ ಕೆಲವರು ರೆಬಲ್ ಎಂಬ ಹೆಸರಿನಲ್ಲಿ ಒಂದುಗೂಡಿ, ಆ ಸೇವೆಗೆ ಬದಲಿ ವ್ಯವಸ್ಥೆಯನ್ನು ತಾವೇ ನಿರ್ಮಿಸಿ ಗಡಿಯಾರಗಳನ್ನು ನಡೆಸಿಕೊಂಡು ಬಂದರು. ಇಂದಿನ ಗಡಿಯಾರಕ್ಕೆ ಬ್ಯಾಟರಿಯಷ್ಟೇ ಅಲ್ಲದೆ ಅದನ್ನು ನಡೆಸುವ ತಂತ್ರಾಂಶವೂ ಪ್ರಾಣವೆಂಬುದನ್ನು ಈ ಪ್ರಸಂಗ ಕಲಿಸುತ್ತದೆ.

ತಯಾರಕರ ವಾದವನ್ನೂ ನಾವು ಕೇಳಬೇಕು. ಗಡಿಯಾರ ಬೆವರಿಗೂ ಮಳೆಗೂ ಒಡ್ಡಿಕೊಳ್ಳುವ ವಸ್ತು. ಒಳಗೆ ನೀರಿಳಿಯದಿರಬೇಕಾದರೆ ಅಂಟಿನಿಂದ ಮುಚ್ಚಲೇಬೇಕು. ತೆಳ್ಳಗಿರಬೇಕಾದರೆ ತಿರುಪುಮೊಳೆಗಳಿಗೆ ಸ್ಥಳವಿರದು ಎನ್ನುತ್ತಾರೆ ಅವರು. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಮುಳುಗುಗಾರರು ಸಮುದ್ರದಾಳಕ್ಕೆ ಧರಿಸಿ ಹೋಗುತ್ತಿದ್ದ ಹಳೆಯ ಗಡಿಯಾರಗಳಿಗೂ ತಿರುಚಿ ತೆರೆಯುವ ಮುಚ್ಚಳವಿತ್ತು; ಅದರಡಿಯಲ್ಲಿ ರಬ್ಬರಿನ ಉಂಗುರವೊಂದು ನೀರನ್ನು ತಡೆಯುತ್ತಿತ್ತು. 2025ರಲ್ಲಿ ಗೂಗಲ್ ಸಂಸ್ಥೆ ಹೊರತಂದ ಪಿಕ್ಸೆಲ್ ವಾಚ್ 4 ಎಂಬ ಗಡಿಯಾರದಲ್ಲಿ ಬ್ಯಾಟರಿಯನ್ನೂ ಪರದೆಯನ್ನೂ ಬದಲಿಸಬಹುದು. ಅಲ್ಲಿಯೂ ಬಳಕೆಯಾಗಿರುವುದು ತಿರುಪುಮೊಳೆ ಮತ್ತು ರಬ್ಬರಿನ ಉಂಗುರಗಳೇ. ಮನಸ್ಸು ಮಾಡಿದರೆ ಮಾರ್ಗವಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಎಲ್ಲರೂ ತಾವಾಗಿಯೇ ಮನಸ್ಸು ಮಾಡುತ್ತಾರೆಂದು ಕಾದು ಕುಳಿತುಕೊಳ್ಳುವುದು ಸರಿಯಲ್ಲ. 2022ರಲ್ಲಿ ಜಗತ್ತಿನಲ್ಲಿ 6,200 ಕೋಟಿ ಕಿಲೋಗ್ರಾಂ ವಿದ್ಯುನ್ಮಾನ ತ್ಯಾಜ್ಯ ಉತ್ಪನ್ನವಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ ದಾಖಲೆಯಿರುವುದು ಶೇಕಡ 22.3ರಷ್ಟಕ್ಕೆ ಮಾತ್ರ. ಸಾಧನಗಳೊಳಗಿನ ಬ್ಯಾಟರಿಯನ್ನು ಬಳಕೆದಾರನೇ ತೆಗೆದು ಬದಲಿಸುವಂತಿರಬೇಕೆಂದು ಯುರೋಪಿನ ಒಕ್ಕೂಟ 2023ರಲ್ಲಿ ಕಾನೂನು ಮಾಡಿ, 2027ರ ಫೆಬ್ರವರಿ 18ರಿಂದ ಅನ್ವಯವಾಗುವಂತೆ ವಿಧಿಸಿತು. ಮುಖ್ಯವಾಗಿ ನೀರಿನ ನಡುವೆ ಬಳಕೆಯಾಗುವ ಸಾಧನಗಳಿಗೆ ಅದರಲ್ಲಿ ಕೊಂಚ ರಿಯಾಯಿತಿಯಿದೆ. ಅವುಗಳ ಬ್ಯಾಟರಿಯನ್ನು ನುರಿತ ಕಸುಬುದಾರರು ಬದಲಿಸುವಂತಿದ್ದರೆ ಸಾಕು. ನಮ್ಮ ದೇಶದಲ್ಲಿಯೂ ರಿಪೇರಿಯ ಹಕ್ಕಿಗೆ ಸಂಬಂಧಿಸಿದ ಮಾಹಿತಿಯನ್ನು ಒಂದೆಡೆ ಒದಗಿಸುವ ಅಂತರ್ಜಾಲ ತಾಣವನ್ನು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ಆರಂಭಿಸಿತು. ಇದು ಒಳ್ಳೆಯ ಮೊದಲ ಹೆಜ್ಜೆ. ಮಾಹಿತಿ ಕೊಟ್ಟಲ್ಲಿಗೇ ನಿಲ್ಲದೆ, ಬ್ಯಾಟರಿಯನ್ನು ಬದಲಿಸಲಾಗದ ವಸ್ತುವನ್ನು ಮಾರಲಾಗದೆಂಬ ಕಟ್ಟುಪಾಡು ಇಲ್ಲಿಯೂ ಬರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಾನೂನು ಬರುವವರೆಗೆ ಕೊಳ್ಳುವವರ ಕರ್ತವ್ಯವೂ ಒಂದಿದೆ. ಗಡಿಯಾರದ ಅಂದಕ್ಕೆ ಮರುಳಾಗುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಬೇಕು: ಒಂದು ಸಲ ತುಂಬಿದರೆ ಎಷ್ಟು ದಿನ ನಡೆಯುತ್ತದೆ? ಬ್ಯಾಟರಿ ಸೊರಗಿದರೆ ಬದಲಿಸಿಕೊಡುವವರು ಯಾರು, ಅದಕ್ಕೆ ತಗಲುವ ವೆಚ್ಚವೆಷ್ಟು? ತಂತ್ರಾಂಶವನ್ನು ಎಷ್ಟು ವರ್ಷ ನೋಡಿಕೊಳ್ಳುವಿರಿ? ಒಬ್ಬರು ಕೇಳಿದರೆ ಅಂಗಡಿಯವರು ನಕ್ಕು ಸುಮ್ಮನಾದಾರು. ನೂರು ಜನ ಕೇಳಿದರೆ ಉತ್ತರವನ್ನು ಹುಡುಕಲೇಬೇಕಾಗುತ್ತದೆ.

ಹಣ ಕೊಟ್ಟು ಕೊಂಡ ವಸ್ತು ನಮ್ಮದೆಂದು ನಾವು ಭಾವಿಸುತ್ತೇವೆ. ಆದರೆ ತೆರೆದು ನೋಡುವ, ಕೆಟ್ಟಾಗ ಸರಿಪಡಿಸಿಕೊಳ್ಳುವ ಅಧಿಕಾರವಿಲ್ಲದ ವಸ್ತು ಪೂರ್ತಿಯಾಗಿ ನಮ್ಮದಾಗುವುದು ಹೇಗೆ? ತಂದೆಯವರ ಗಡಿಯಾರಕ್ಕೆ ನಾನು ಈಗಲೂ ಆಗಾಗ ಕೀಲಿ ಕೊಡುತ್ತೇನೆ; ಅದು ನಡೆಯುತ್ತದೆ. ಅಣ್ಣನ ಮಗಳ ಗಡಿಯಾರ ಮೇಜಿನ ಡ್ರಾಯರಿನಲ್ಲಿ ಮಲಗಿದೆ. ಅದೂ ಒಂದು ದಿನ ತೆರೆಯುವಂತಾಗಲಿ ಎಂಬುದೇ ನನ್ನ ಆಶಯ.