ಲಾರಿ ಹತ್ತಿದ ರೈಲು

ಸಾಮಾನು ಸಾಗಿಸುವ ಮೇಸ್ತ್ರಿ ಮನೆಯನ್ನೆಲ್ಲ ಒಂದು ಸುತ್ತು ಹಾಕಿ ಪಟ್ಟಿ ಬರೆದುಕೊಳ್ಳುತ್ತಿದ್ದ. ಮಂಚ ಎರಡು, ಬೀರು ಮೂರು, ಫ್ರಿಜ್ಜು ಒಂದು, ಪಾತ್ರೆಯ ಮೂಟೆ ಆರು. ನನ್ನಾಕೆ ಒಂದೊಂದಕ್ಕೂ ‘ಹುಷಾರು ಕಣಪ್ಪ’ ಎಂದು ಸೇರಿಸುತ್ತಿದ್ದಳು. ಕೊನೆಗೆ ನಾನು ಮಹಡಿ ಕೋಣೆಯ ಬಾಗಿಲು ತೆರೆದೆ. ಅವನ ಪೆನ್ನು ನಿಂತಿತು.

“ಇದೇನ್ ಸಾರ್?”

“ರೈಲ್ವೆ ಸ್ಟೇಷನ್ನು.”

ಅವನು ಬಾಗಿಲ ಅಗಲ ನೋಡಿದ. ಒಳಗಿದ್ದ 14 ಅಡಿ ಉದ್ದ, 5 ಅಡಿ ಅಗಲದ ಮೇಜು ನೋಡಿದ. ಮತ್ತೆ ಬಾಗಿಲು ನೋಡಿದ. “ಅಲ್ಲಾ ಸಾರ್, ಒಳಗೆ ಹೆಂಗ್ ಬಂತು?”

“ಒಳಗೆ ಬರಲಿಲ್ಲಪ್ಪ, ಒಳಗೇ ಹುಟ್ಟಿದ್ದು” ಎಂದೆ.

ಈ ಅಂಕಣ ಓದುವವರಿಗೆ ನನ್ನ ರೈಲಿನ ಹುಚ್ಚು ಹೊಸದೇನಲ್ಲ. ಆದರೆ ಆ ಹುಚ್ಚಿನ ತೂಕ ಎಷ್ಟೆಂಬುದು ನನಗೇ ಗೊತ್ತಿರಲಿಲ್ಲ. ಅದು ತಿಳಿಯುವುದು ಮನೆ ಬದಲಿಸುವಾಗ. ಮೈಸೂರಿನ ಮನೆ ಮಾರಿ, ಬೆಂಗಳೂರಿನಲ್ಲಿ ಮಗಳ ಮನೆಗೆ ಹತ್ತಿರದ ಒಂದು ಫ್ಲ್ಯಾಟಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಇಬ್ಬರ ಮಂಡಿಗಳೂ ಮಹಡಿ ಮೆಟ್ಟಿಲಿನ ವಿರುದ್ಧ ಮತ ಹಾಕಿದ್ದವು. ಹೊಸ ಮನೆಯಲ್ಲಿ ನನ್ನ ಪಾಲಿಗೆ ಬಂದದ್ದು 10 ಅಡಿಗೆ 9 ಅಡಿಯ ಒಂದು ಕೋಣೆ. ಅದರಲ್ಲೇ ನೆಂಟರು ಬಂದರೆ ಮಲಗಲು ಒಂದು ದಿವಾನ್ ಕೂಡ.

ಬ್ಯಾಂಕಿನ ನೌಕರಿಯಲ್ಲಿದ್ದಾಗ ವರ್ಗಾವಣೆ ನನಗೆ ನೀರು ಕುಡಿದಷ್ಟು ಸಲೀಸಾಗಿತ್ತು. 1983ರಲ್ಲಿ ನನ್ನ ಭಾವಮೈದುನ ಜರ್ಮನಿಯಿಂದ ತಂದುಕೊಟ್ಟ ಒಂದು ಎಂಜಿನ್ನು, ಮೂರು ಡಬ್ಬಿ, ಒಂದು ಸುತ್ತು ಹಳಿ ಆಗ ಟ್ರಂಕಿನ ಮೂಲೆಯಲ್ಲಿ ಸೀರೆಗಳ ನಡುವೆ ಕೂತು ಹಾಸನ, ಹುಬ್ಬಳ್ಳಿಯನ್ನೆಲ್ಲ ಸುತ್ತಿ ಬಂದವು. ಮೈಸೂರಿನಲ್ಲಿ ಸ್ವಂತ ಮನೆ ಆದಮೇಲೆ ರೈಲು ಟ್ರಂಕಿನಿಂದ ಹೊರಬಂದು ಮೇಜೇರಿತು. ಮೂವತ್ತು ವರ್ಷಕ್ಕೂ ಮಿಕ್ಕಿ ಅಲ್ಲೇ ಬೆಳೆಯಿತು. ಈಗ ಎಣಿಸಿದರೆ ಎಂಜಿನ್ನು 47, ಡಬ್ಬಿ ಮತ್ತು ವ್ಯಾಗನ್ನು ಸೇರಿ 210. ಈ ಲೆಕ್ಕವನ್ನು ನನ್ನಾಕೆಯ ಎದುರಿಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಕೆ ಏನೂ ಅನ್ನಲಿಲ್ಲ. ತನ್ನ ಪಟ್ಟಿಯಿಂದ ಕಲ್ಲಿನ ಒರಳನ್ನು ಹೊಡೆದುಹಾಕಿದ್ದಳು, ಮತ್ತೆ ಸೇರಿಸಿಕೊಂಡಳು.

ನನ್ನ ರೈಲುಗಳು ನಿಜದ ರೈಲಿನ 87ನೇ ಒಂದು ಭಾಗದಷ್ಟಿರುತ್ತವೆ. ಯೂರೋಪಿನ ಹಳಿಗಳ ನಡುವಿನ 1435 ಮಿಲಿಮೀಟರನ್ನು 87ರಿಂದ ಭಾಗಿಸಿದರೆ 16.5 ಬರುತ್ತದೆ. ಮೇಜಿನ ಮೇಲಿನ ಹಳಿಯ ಅಗಲ ಅಷ್ಟು. ಇದಕ್ಕೆ ‘ಎಚ್.ಓ.’ ಎಂದು ಹೆಸರು. ನಾನು ಕಟ್ಟಿದ್ದು ಮಾತ್ರ ಮೈಸೂರು–ಅರಸೀಕೆರೆ ಹಾದಿಯ, ಮೀಟರ್ ಗೇಜ್ ಕಾಲದ ಒಂದು ಪುಟ್ಟ ನಿಲ್ದಾಣ. ಮೀಟರ್ ಗೇಜನ್ನು ಹಾಗೆಯೇ ಕುಗ್ಗಿಸಿದರೆ ಹಳಿ 11.5 ಮಿಲಿಮೀಟರ್ ಆಗಬೇಕು. ನನಗೆ ಸಿಕ್ಕಿದ್ದು 16.5. ಈ ಅಪಚಾರವನ್ನು ಕಟ್ಟುನಿಟ್ಟಿನ ಹವ್ಯಾಸಿಗಳು ಕ್ಷಮಿಸಬೇಕು.

ಆ ನಿಲ್ದಾಣವೇ ಏಕೆಂದರೆ, ನನ್ನ ತಂದೆ ಅಲ್ಲಿ ಸ್ಟೇಷನ್ ಮಾಸ್ಟರಾಗಿದ್ದರು. ನಾನು ಅಕ್ಷರ ಕಲಿತದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ. ಕ್ವಾರ್ಟರ್ಸಿನ ಬಾಗಿಲಿಂದ ಸ್ಟೇಷನ್ನಿಗೆ 20 ಮೀಟರಿನ ಒಂದು ಕಾಲುದಾರಿ. ರಾತ್ರಿ ಗಾಡಿಗೆ ತಂದೆ ಲಾಟೀನು ಹಿಡಿದು ಆ ದಾರಿಯಲ್ಲಿ ಹೋಗುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ನನ್ನ ಮೇಜಿನ ಮೇಲೆ ಆ ದಾರಿ ಸರಿಯಾಗಿ ಒಂದು ಗೇಣು. ಕುಡಿದು ಒಣಗಿಸಿದ ಟೀ ಪುಡಿಯೇ ಅದರ ಮಣ್ಣು. ಪ್ಲಾಟ್‌ಫಾರಮ್ಮಿನ ಮೇಲೆ ಎರಡು ಸೆಂಟಿಮೀಟರ್ ಎತ್ತರದ ತಂದೆ ಹಸಿರು ಬಾವುಟ ಹಿಡಿದು ನಿಂತಿರುತ್ತಿದ್ದರು.

ಇಂಥ ಸಂಕಟ ನನಗೊಬ್ಬನಿಗೇ ಬಂದದ್ದಲ್ಲ. ಇಂಗ್ಲೆಂಡಿನಲ್ಲಿ ಪೀಟರ್ ಡೆನ್ನಿ ಎಂಬ ಪಾದ್ರಿ ಇದ್ದರು. 1940ರ ದಶಕದಲ್ಲಿ ‘ಬಕಿಂಗ್‌ಹ್ಯಾಮ್’ ಎಂಬ ಪುಟಾಣಿ ರೈಲುಮಾರ್ಗ ಕಟ್ಟಲು ಶುರುಮಾಡಿದರು. ಪಾದ್ರಿಗಳಿಗೂ ಬ್ಯಾಂಕಿನವರಂತೆ ವರ್ಗ ಉಂಟು. ಊರು ಬದಲಾದಂತೆ ರೈಲೂ ಅವರ ಜೊತೆ ಮನೆ ಬದಲಿಸಿತು. ಕಿತ್ತು ಕಟ್ಟುವ ಕೆಲಸ ಬದುಕಿನುದ್ದಕ್ಕೂ ನಡೆಯಿತು. ಒಂದು ನಿಲ್ದಾಣವನ್ನು ತಾನೇ ನಡೆಸುವ ಯಂತ್ರವೊಂದನ್ನೂ ಅವರು ಮಾಡಿ, ಅದಕ್ಕೆ ಮಗನ ಹೆಸರನ್ನೇ ಇಟ್ಟಿದ್ದರು. ಅವರು 2009ರಲ್ಲಿ ತೀರಿಕೊಂಡರು. ಆದರೆ ರೈಲು ನಿಲ್ಲಲಿಲ್ಲ. ಇನ್ನೊಬ್ಬ ಹವ್ಯಾಸಿಯ ಮನೆಗೆ ಹೋಗಿ ಅಲ್ಲಿ ಓಡಿತು. ಜಾನ್ ಅಹರ್ನ್ ಎಂಬವರು ಕಟ್ಟಿದ ‘ಮ್ಯಾಡರ್ ವ್ಯಾಲಿ’ ಕೂಡ ಹಾಗೆಯೇ ಅವರ ಕಾಲಾನಂತರ ಆಕ್ಸ್‌ಫರ್ಡ್‌ಶೈರಿನ ಪೆಂಡನ್ ಸಂಗ್ರಹಾಲಯ ಸೇರಿತು. ನಮ್ಮಲ್ಲಿ ಪುಣೆಯ ಜೋಶಿಯವರ ಪುಟಾಣಿ ರೈಲುಗಳಿಗೆ ಸ್ವಂತ ಸಂಗ್ರಹಾಲಯದ ಸೂರು ಸಿಕ್ಕಿದ್ದು 1998ರಲ್ಲಿ. ಇವೆಲ್ಲ ನನಗೆ ಧೈರ್ಯ ತಂದವು. ಜೊತೆಗೆ ಒಂದು ಪಾಠವನ್ನೂ ಕಲಿಸಿದವು. ರೈಲಿನ ಮೇಜನ್ನು ಕಟ್ಟುವ ದಿನವೇ ಅದನ್ನು ಬಿಚ್ಚುವ ದಿನದ ಯೋಚನೆ ಇರಬೇಕು. ನಾಲ್ಕು ಅಡಿಗಿಂತ ಉದ್ದವಿಲ್ಲದ ಹಲಗೆಗಳನ್ನು ಬೋಲ್ಟು ಹಾಕಿ ಜೋಡಿಸಿದ್ದರೆ, ಈಗ ನನಗೆ ಬೇಕಾಗುತ್ತಿದ್ದದ್ದು ಒಂದು ಸ್ಪ್ಯಾನರು. ನಾನು ಮೊಳೆ ಹೊಡೆದಿದ್ದೆ, ಫೆವಿಕಾಲ್ ಬಳಿದಿದ್ದೆ. ಬೇಕಾದದ್ದು ಗರಗಸ.

ಲೆಕ್ಕ ಹಾಕಿದೆ. ಹೊಸ ಕೋಣೆಯಲ್ಲಿ ಗೋಡೆಗೆ ಒರಗಿಸಿ 8 ಅಡಿ ಉದ್ದ, ಎರಡೂವರೆ ಅಡಿ ಅಗಲದ ಮೇಜು ಹಿಡಿಯುತ್ತದೆ. ನಿಲ್ದಾಣದ ಭಾಗ ಸರಿಯಾಗಿ ಅಷ್ಟೇ ಇತ್ತು. ಉಳಿದ ಬೆಟ್ಟ, ಸುರಂಗ, ಎರಡು ತುದಿಯ ತಿರುವುಗಳನ್ನು ಬಿಡಬೇಕು. ನಿಲ್ದಾಣವನ್ನೂ ನಾಲ್ಕು ನಾಲ್ಕು ಅಡಿಯ ಎರಡು ತುಂಡು ಮಾಡಬೇಕು. ಎಲ್ಲಿ ಕೊಯ್ಯುವುದು? ಎಡಕ್ಕೆ ಸರಿದರೆ ಸ್ಟೇಷನ್ ಕಟ್ಟಡ. ಬಲಕ್ಕೆ ಸರಿದರೆ ಹಳಿಗಳು ಕವಲೊಡೆಯುವ ಪಾಯಿಂಟು. ಅದರ ಮೇಲೆ ಗರಗಸ ಇಟ್ಟರೆ ಅದು ಮತ್ತೆ ಉಪಯೋಗಕ್ಕೆ ಬಾರದು. ಉಳಿದದ್ದು ಒಂದೇ ಜಾಗ. ಸ್ಟೇಷನ್ನಿಗೂ ಕ್ವಾರ್ಟರ್ಸಿಗೂ ನಡುವಿನ ಆ ಒಂದು ಗೇಣು ದಾರಿ.

ಸೀಸದಕಡ್ಡಿಯಲ್ಲಿ ಗೆರೆ ಎಳೆದು ಹದಿನೈದು ದಿನ ಸುಮ್ಮನಿದ್ದೆ. ಬಡಗಿ ಮೂರು ಸಲ ಬಂದು ಕಾಫಿ ಕುಡಿದು ಹೋದ.

ಆ ಹದಿನೈದು ದಿನದಲ್ಲಿ ಬೇರೆ ಕೆಲಸ ಮಾಡಿದೆ. ಮೊದಲು ಪ್ರತಿ ಮೂಲೆಯ ಫೋಟೋ ತೆಗೆದೆ. ಆಮೇಲೆ ಮೇಜಿನಡಿ ಮಲಗಿ ವೈರುಗಳನ್ನು ಎಣಿಸಿದೆ. ಗೆರೆ ದಾಟುವ ವೈರುಗಳು 46. ಕತ್ತರಿಸುವ ಮುನ್ನ ಗೆರೆಯ ಆಚೆಗೂ ಈಚೆಗೂ ಒಂದೇ ನಂಬರಿನ ಚೀಟಿ ಕಟ್ಟಬೇಕು. ಇದನ್ನು ಉದಾಸೀನ ಮಾಡಿದವನು ಹೊಸ ಮನೆಯಲ್ಲಿ ಒಂದು ಸಿಗ್ನಲ್ ಒತ್ತಿದರೆ ಮೂರು ದೀಪ ಹತ್ತುವುದನ್ನು ನೋಡಬೇಕಾಗುತ್ತದೆ. ಮರಗಳನ್ನು ಕಿತ್ತು ಥರ್ಮೋಕೋಲಿಗೆ ಚುಚ್ಚಿದೆ. ಎಂಜಿನ್ನುಗಳನ್ನು ತೆಳ್ಳನೆಯ ಟಿಶ್ಯೂ ಕಾಗದದಲ್ಲಿ ಸುತ್ತಿ, ಸ್ಪಂಜಿನಲ್ಲಿ ಗುಳಿ ಕೊರೆದು ಒಂದೊಂದನ್ನೂ ಮಲಗಿಸಿದೆ. ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್ ಹಾಳೆಯನ್ನು ನೇರವಾಗಿ ಸುತ್ತಬಾರದು. ಸೆಕೆಗೆ ಅದು ಬಣ್ಣಕ್ಕೆ ಅಂಟಿ ಮೈಮೇಲೆ ಸಿಡುಬಿನ ಕಲೆಯಂತೆ ಉಳಿದುಬಿಡುತ್ತದೆ. ರಟ್ಟಿನ ಪೆಟ್ಟಿಗೆಯ ಮೇಲೆ ಒಳಗಿರುವುದರ ಹೆಸರನ್ನು ಮುಚ್ಚಳಕ್ಕಲ್ಲ, ಪಕ್ಕಕ್ಕೆ ಬರೆಯಬೇಕು. ಒಂದರ ಮೇಲೊಂದು ಪೇರಿಸಿದಾಗ ಕಾಣುವುದು ಪಕ್ಕ ಮಾತ್ರ.

ಬೆಟ್ಟ ಬಿಚ್ಚುವ ದಿನ ಮಗಳು ಬಂದಳು. 1991ರಲ್ಲಿ, ಹತ್ತು ವರ್ಷದವಳಾಗಿದ್ದಾಗ, ಮೈದಾ ಅಂಟಿನಲ್ಲಿ ಪತ್ರಿಕೆಯ ಚೂರುಗಳನ್ನು ಅದ್ದಿ ಆ ಬೆಟ್ಟ ಮಾಡಿದವಳು ಅವಳೇ. “ಅಪ್ಪಾ, ನಾನೇ ಕುಯ್ತೀನಿ” ಎಂದು ಚಾಕು ತೆಗೆದುಕೊಂಡಳು. ಬೆಟ್ಟದ ಹೊಟ್ಟೆ ತೆರೆದರೆ ಒಳಗೆಲ್ಲ ಇಂಥದೇ ಭಾನುವಾರದ ಪುರವಣಿಯ ಪುಟಗಳು. ನನ್ನಾಕೆ ಕಟ್ಟುತ್ತಿದ್ದ ಮೂಟೆ ಬಿಟ್ಟು ಕೂತಳು, ಒಂದು ಧಾರಾವಾಹಿಯ ಅರ್ಧ ಕಂತನ್ನು ಓದಿ ಮುಗಿಸಿ, “ಮುಂದಿನ ವಾರದ್ದು ಎಲ್ಲೇ?” ಎಂದು ಮಗಳನ್ನು ಕೇಳಿದಳು. ಅದು ಸುರಂಗದ ಗೋಡೆಯಲ್ಲಿತ್ತು. ಮಗಳು ಸುರಂಗದ ಬಾಯನ್ನು ಮಾತ್ರ ತನಗೆಂದು ತೆಗೆದಿಟ್ಟುಕೊಂಡಳು. ತಿರುವಿನ ಹಳಿಗಳು, ಹದಿನೈದು ಡಬ್ಬಿ, ಎರಡು ಎಂಜಿನ್ನು ಎದುರುಮನೆಯ ಹುಡುಗನ ಪಾಲಾದವು. ಅವನ ತಾಯಿ ನನ್ನನ್ನು ನೋಡಿದ ನೋಟದಲ್ಲಿ ಕೃತಜ್ಞತೆಗಿಂತ ಗಾಬರಿಯೇ ಹೆಚ್ಚಿತ್ತು.

ಮರುದಿನ ಬಡಗಿಗೆ “ಸರಿ” ಎಂದೆ. ಕೊಯ್ಯುವ ಗೆರೆಯ ಎರಡೂ ಬದಿಗೆ ಹಳಿಯ ಕೆಳಗೆ ಹಿತ್ತಾಳೆಯ ಸ್ಕ್ರೂ ಇಳಿಸಿ, ಹಳಿಯನ್ನು ಅದಕ್ಕೆ ಬೆಸುಗೆ ಹಾಕಿದೆ. ಹಾಗೆ ಮಾಡದಿದ್ದರೆ ಕತ್ತರಿಸಿದ ಕ್ಷಣ ಹಳಿ ಮೇಲೇಳುತ್ತದೆ, ಮತ್ತೆ ಕೂಡುವುದಿಲ್ಲ. ಹಳಿಯನ್ನು ನಾನೇ ಕೊಯ್ದೆ. ಕೆಳಗಿನ ಹಲಗೆಯನ್ನು ಬಡಗಿ ಕೊಯ್ದ. ಟೀ ಪುಡಿ ಗರಗಸದ ಹಲ್ಲಿನಿಂದ ಉದುರಿತು. ಐದು ನಿಮಿಷದ ಕೆಲಸ. ನಾನು ಆಮೇಲೆ ಕೆಳಗಿಳಿದು ಹೋಗಿ, ಸ್ವಲ್ಪ ಹೊತ್ತು ತೆಂಗಿನಗಿಡಕ್ಕೆ ನೀರು ಹಾಕಿದೆ. ಆ ಗಿಡ ಆಗಲೇ ಬೇರೆಯವರದಾಗಿತ್ತು.

ಎರಡು ಹಲಗೆಗಳನ್ನು ಮುಖಾಮುಖಿ ಮಾಡಿ, ತುದಿಗೆ ಪ್ಲೈವುಡ್ ಹೊಡೆದು, ಪೆಟ್ಟಿಗೆಯಂತೆ ಮಾಡಿ ಲಾರಿಗೆ ಏರಿಸಿದೆವು. ಎಂಜಿನ್ನುಗಳನ್ನು ಮಾತ್ರ ಲಾರಿಗೆ ಕೊಡಲು ಮನಸ್ಸು ಬರಲಿಲ್ಲ. ಎರಡು ಸೂಟ್‌ಕೇಸಿನಲ್ಲಿ ತುಂಬಿ, ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲೇ ಒಯ್ದೆ. ನಲವತ್ತೈದು ಎಂಜಿನ್ನುಗಳನ್ನು ಒಂದೇ ಎಂಜಿನ್ನು ಎಳೆದುಕೊಂಡು ಹೋಯಿತು. ಮದ್ದೂರಿನಲ್ಲಿ ವಡೆ ಕೊಳ್ಳಲು ಏಳುವಾಗಲೂ ನನ್ನ ಒಂದು ಕೈ ಸೂಟ್‌ಕೇಸಿನ ಮೇಲಿತ್ತು.

ಹೊಸ ಮನೆಯಲ್ಲಿ ಪೆಟ್ಟಿಗೆ ಲಿಫ್ಟಿಗೆ ಹಿಡಿಸಲಿಲ್ಲ. ಮೂರು ಮಹಡಿ ಹೊರಬೇಕಾಯಿತು. ಒಂದು ಸಿಗ್ನಲ್ ಕಂಬ ಮುರಿದಿತ್ತು, ನೀರಿನ ಟ್ಯಾಂಕು ವಾಲಿತ್ತು. ಅಷ್ಟಕ್ಕೇ ಮುಗಿದದ್ದು ಪುಣ್ಯ. ಎರಡು ಹಲಗೆಗಳನ್ನು ಈ ಸಲ ಬೋಲ್ಟು ಹಾಕಿ ಜೋಡಿಸಿದೆ. ಮೊದಲ ಗಾಡಿ ಕೂಡುಗೆರೆಯಲ್ಲೇ ಹಳಿ ತಪ್ಪಿತು. ಹಳಿಯ ತುದಿಯನ್ನು ಅರದಿಂದ ಉಜ್ಜಿ ನಯಮಾಡಿದ ಮೇಲೆ ದಾಟಿತು. ಮೊದಲಿನಂತೆ ಸುತ್ತುವುದಿಲ್ಲ, ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತದೆ. ನಿಜವಾದ ಗಾಡಿಗಳು ಮಾಡುವುದೂ ಅದನ್ನೇ ತಾನೇ.

ಆದರೆ ಪ್ಲಾಟ್‌ಫಾರಮ್ಮಿನ ಮೇಲೆ ತಂದೆ ಇರಲಿಲ್ಲ. ಪೆಟ್ಟಿಗೆಗಳನ್ನೆಲ್ಲ ಬುಡಮೇಲು ಮಾಡಿದೆ, ಸ್ಪಂಜು ಜಾಲಾಡಿದೆ, ಲಾರಿಯವನಿಗೆ ಎರಡು ಸಲ ಫೋನು ಮಾಡಿದೆ. ಎಂಟು ದಿನ ಕಳೆಯಿತು. ನನ್ನ ಮುಖ ನೋಡಲಾರದೆಯೋ ಏನೋ, ನನ್ನಾಕೆ ವಿಷಯ ಕೇಳಿದಳು. ಹೇಳಿದೆ. ಆಕೆ ದೇವರ ಮನೆಗೆ ಹೋಗಿ ಬೆಳ್ಳಿಯ ಕುಂಕುಮದ ಭರಣಿ ತಂದಳು. ಹತ್ತಿಯಲ್ಲಿ ಸುತ್ತಿದ ತಂದೆ ಅದರೊಳಗಿದ್ದರು. ಬಾವುಟಕ್ಕೆ ಒಂದಿಷ್ಟು ಕುಂಕುಮ ಹತ್ತಿತ್ತು.

“ಮೊದಲೇ ಹೇಳಬಾರದಿತ್ತೇನೇ?”

“ನೀವು ಕೇಳಲೇ ಇಲ್ಲವಲ್ರೀ. ಮಾವನವರನ್ನ ಲಾರಿಗೆ ಹಾಕೋಕಾಗುತ್ತಾ?”

ಅವರನ್ನು ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿದ್ದೇನೆ. ದಾರಿಯ ನಡುವೆ ಒಂದು ಕೂದಲೆಳೆಯ ಬಿರುಕು ಕಾಣುತ್ತದೆ. ಟೀ ಪುಡಿಯನ್ನು ಅದರ ಮೇಲೆ ಸುಮ್ಮನೆ ಉದುರಿಸಿದ್ದೇನೆ, ಅಂಟು ಹಾಕಿಲ್ಲ. ವೈರುಗಳ ನಂಬರು, ಬೋಲ್ಟುಗಳ ಅಳತೆ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮೇಜಿನಡಿ ತೂಗುಹಾಕಿದ್ದೇನೆ. ಮುಂದಿನ ಸಲ ಇದನ್ನು ಬಿಚ್ಚುವವಳು ಮಗಳು. ಅವಳಿಗೆ ಗರಗಸ ಬೇಕಾಗುವುದಿಲ್ಲ.